ಟಂಕಸಾಲೆಯ ತಪ್ಪೋ, ಮನುಷ್ಯರ ಕೈಚಳಕವೋ?

ದೇವರ ಮನೆಯ ಡಬ್ಬಿಯಲ್ಲಿದ್ದ ಹಳೆಯ ನಾಣ್ಯದ ಅಂಚು ಒಂದಿಷ್ಟು ಮುಕ್ಕಾಗಿದ್ದರೆ ಸಾಕು, ‘ಇದು ಎರರ್ ಕಾಯಿನ್, ಲಕ್ಷಗಟ್ಟಲೆ ಸಿಗುತ್ತೆ’ ಎಂದು ಮನೆಮಂದಿಯೆಲ್ಲ ಸುತ್ತುಗಟ್ಟುತ್ತಾರೆ. ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳು ಆ ಆಸೆಗೆ ಇನ್ನಷ್ಟು ಗಾಳಿ ಹಾಕುತ್ತವೆ. ಟಂಕಸಾಲೆಯಲ್ಲೇ ಎಡವಟ್ಟಾಗಿ ಹೊರಬಿದ್ದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಹಣ ಕೊಡುವುದು ನಿಜ. ಹೊರಬಂದ ಮೇಲೆ ಪೆಟ್ಟು ತಿಂದ ನಾಣ್ಯ ಮಾತ್ರ ಇದ್ದ ಬೆಲೆಯನ್ನೂ ಕಳೆದುಕೊಳ್ಳುತ್ತದೆ. ಇವೆರಡನ್ನೂ ಬೇರ್ಪಡಿಸಲು ಅನುಭವಿಗಳು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾಣ್ಯ ತಯಾರಾಗುವ ಯಾವ ಹಂತದಲ್ಲಿ ಹೀಗಾಗಲು ಸಾಧ್ಯ?

ಹುಟ್ಟಿದಾಗಿನ ಗುರುತು

ಲಟ್ಟಿಸಿದ ಹಿಟ್ಟಿನ ಮೇಲೆ ಬಟ್ಟಲು ಒತ್ತಿ ಪೂರಿ ತೆಗೆಯುವಂತೆ, ಲೋಹದ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಆಮೇಲೆ ಅವುಗಳ ಅಂಚು ಉಬ್ಬಿಸಿ, ಉಂಗುರದಂಥ ಕಾಲರ್‌ನೊಳಗೆ ಕೂರಿಸಿ, ಮೇಲಿಂದ ಕೆಳಗಿಂದ ಎರಡು ಅಚ್ಚುಗಳ ನಡುವೆ ಒತ್ತುತ್ತಾರೆ. ತಪ್ಪು ಆಗುವುದಿದ್ದರೆ ಇಷ್ಟರಲ್ಲೇ ಆಗಬೇಕು.

ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದೆ, ಹಿಂದಿನ ತೂತಿನ ಮೇಲೇ ಕತ್ತರಿ ಬಿತ್ತೆನ್ನಿ. ಆ ಬಿಲ್ಲೆಯ ಒಂದು ಬದಿ ಬಿಲ್ಲಿನಾಕಾರದಲ್ಲಿ ಕಚ್ಚಿದಂತಾಗುತ್ತದೆ. ಅಂಥ ನಾಣ್ಯವನ್ನು ತಿರುಗಿಸಿ, ಕಚ್ಚಿದ ಜಾಗದ ನೇರ ಎದುರಿನ ಅಂಚು ನೋಡಿ. ಅಲ್ಲಿಯೂ ಅಂಚು ಸರಿಯಾಗಿ ಎದ್ದಿರುವುದಿಲ್ಲ; ಉಬ್ಬಿಸುವ ಯಂತ್ರದಲ್ಲಿ ಎದುರು ಬದಿಯಿಂದ ಒತ್ತಡ ಸಿಗದೆ ಹೋದದ್ದೇ ಕಾರಣ. ಕಚ್ಚಿದ ಜಾಗಕ್ಕೆ ಹತ್ತಿರದ ಅಕ್ಷರಗಳು ಅತ್ತ ಹರಿದು ಮಸುಕಾಗಿರುತ್ತವೆ. ಯಾರೋ ಅರದಿಂದ ಉಜ್ಜಿ ತೆಗೆದದ್ದಾದರೆ ಅಕ್ಷರಗಳು ಚೂಪಾಗಿ ತುಂಡಾಗಿರುತ್ತವೆ, ಎದುರು ಅಂಚು ಗಟ್ಟಿಮುಟ್ಟಾಗಿರುತ್ತದೆ.

ಗೆರೆಗಳ ವಿಷಯದಲ್ಲೂ ಭೂತಗನ್ನಡಿ ಸುಳ್ಳು ಹೇಳುವುದಿಲ್ಲ. ಅಚ್ಚು ಬಿರುಕು ಬಿಟ್ಟಿದ್ದರೆ ಲೋಹ ಆ ಬಿರುಕಿನೊಳಗೆ ಹೊಕ್ಕು, ನಾಣ್ಯದ ಮೇಲೆ ಎದ್ದು ನಿಂತ ಗೆರೆಯಾಗುತ್ತದೆ. ನೆಲಕ್ಕೆ ಉಜ್ಜಿಯೋ ಮೊಳೆ ತಾಗಿಯೋ ಆದ ಗೀರು ಒಳಕ್ಕೆ ಕೊರೆದಿರುತ್ತದೆ, ಪಕ್ಕದಲ್ಲಿ ಲೋಹ ಮಡಚಿಕೊಂಡಿರುತ್ತದೆ.

ಹಿಂದೆ ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಗೆ ಒಂದು ಕಡೆ ಸರಿಯಾದ ಚಿತ್ರ, ಇನ್ನೊಂದು ಕಡೆ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ತಗ್ಗಾಗಿ ಮೂಡುತ್ತದೆ. ಇದಕ್ಕೆ ಬೇಡಿಕೆ ಹೆಚ್ಚು, ಹಾಗಾಗಿ ನಕಲೂ ಹೆಚ್ಚು. ಎರಡು ನಾಣ್ಯ ಜೋಡಿಸಿ ವೈಸ್‌ನಲ್ಲಿ ಬಿಗಿದು ಮಾಡಿದ ನಕಲಿನಲ್ಲಿ ಉಲ್ಟಾ ಚಿತ್ರದಡಿ ಮೂಲ ಚಿತ್ರ ಅಪ್ಪಚ್ಚಿಯಾಗಿ ಕಾಣುತ್ತದೆ, ಹಿಂಬದಿಯೂ ಚಪ್ಪಟೆಯಾಗಿರುತ್ತದೆ.

ತಕ್ಕಡಿಯನ್ನೂ ಮರೆಯಬಾರದು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. ಸವೆದದ್ದು ತುಸು ಕಡಿಮೆ ತೂಗೀತು. ಚಿತ್ರವೆಲ್ಲ ಒಂದೇ ಸಮ ಮಸುಕಾಗಿ ತೂಕ ಬಹಳ ಇಳಿದಿದ್ದರೆ, ‘ತೆಳು ಬಿಲ್ಲೆಯ ಎರರ್’ ಎಂಬ ಹೆಸರಿನಲ್ಲಿ ಆಸಿಡ್ ಕುಡಿದ ನಾಣ್ಯ ನಿಮ್ಮ ಕೈಗೆ ಬಂದಿದೆಯೇ ಎಂದು ಅನುಮಾನಿಸಬೇಕು.

ತಪ್ಪಲ್ಲದ ‘ತಪ್ಪು’ಗಳು

ಎಷ್ಟೋ ಬಾರಿ ಅದು ಟಂಕಸಾಲೆಯ ತಪ್ಪೂ ಅಲ್ಲ, ಆಮೇಲೆ ಬಿದ್ದ ಪೆಟ್ಟೂ ಅಲ್ಲ. ಯುದ್ಧಕಾಲದಲ್ಲಿ, 1943ರಿಂದ ಬಂದ ತೂತಿನ ಕಾಸಿಗೆ ನಡುವಿನ ತೂತು ಹುಟ್ಟಿನಿಂದಲೇ ಇದೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವಾಯಿತು. 1912ರಲ್ಲಿ ಚಿತ್ರ ತಿದ್ದಿದರು. ಅದು ಕಲಾವಿದನ ಕೈ, ಯಂತ್ರದ ದೋಷವಲ್ಲ. ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗಿನ ನಕ್ಷತ್ರ ಹೈದರಾಬಾದ್ ಟಂಕಸಾಲೆಯ ಗುರುತು, ಚುಕ್ಕೆ ನೊಯಿಡಾದ್ದು.

ನಮ್ಮ ಶ್ರೀರಂಗಪಟ್ಟಣದ ನಾಣ್ಯಗಳಂತೂ ಹೊಸಬರನ್ನು ತಬ್ಬಿಬ್ಬುಗೊಳಿಸುತ್ತವೆ. ಟಿಪ್ಪು ತಾನು ಜಾರಿಗೆ ತಂದ ಮೌಲೂದಿ ಶಕೆಯ ಇಸವಿಗಳನ್ನು ಬಲದಿಂದ ಎಡಕ್ಕೆ ಓದುವಂತೆ ಹಾಕಿಸಿದ್ದ. 5121 ಎಂದು ಕಂಡರೆ ಅದು 1215. ಇನ್ನು ಅವನ ನಾಣ್ಯದ ಮೇಲಿನ ಆನೆಯ ಬೆನ್ನೋ ಸೊಂಡಿಲೋ ಅಂಚಿನಾಚೆ ಹೋಗಿದ್ದರೂ ಅಚ್ಚರಿಯಿಲ್ಲ. ಸುತ್ತಿಗೆಯೇಟಿನಿಂದ ಕೈಯಲ್ಲಿ ಒತ್ತುತ್ತಿದ್ದ ಕಾಲದಲ್ಲಿ ಅಚ್ಚು ನಡುವೆ ಕೂರದಿರುವುದು ದಿನನಿತ್ಯದ ಸಂಗತಿ. ಯಂತ್ರದ ನಾಣ್ಯಕ್ಕೆ ಅನ್ವಯಿಸುವ ಅಳತೆಗೋಲು ಇಲ್ಲಿ ನಡೆಯದು.

ಮನೆಯಲ್ಲಾದ ಗಾಯ

ಕಾಸಿನ ಸರಕ್ಕೆಂದು ಬೆಸುಗೆ ಹಾಕಿದ ಕೊಂಡಿ, ಅದನ್ನು ಕಿತ್ತ ಮೇಲೆ ಅಂಚಿನಲ್ಲಿ ಉಳಿದ ಕಲೆ, ಬೆಳ್ಳಿಯ ಅಸಲಿತನ ನೋಡಲು ಸರಾಫರು ಒತ್ತಿದ ಸಣ್ಣ ಮುದ್ರೆಗಳು: ಇವೆಲ್ಲ ಆಮೇಲಿನವು. ಸರಾಫರ ಮುದ್ರೆಗೆ ಚರಿತ್ರೆಯ ತೂಕವಾದರೂ ಇದೆ. ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯಿಸಿದ ತಾಮ್ರದ ಕಾಸಿಗೆ ಅದೂ ಇಲ್ಲ. ಶತಮಾನದಿಂದ ಕೂತ ಮೇಲ್ಪದರ ಹೋದರೆ ಮತ್ತೆ ಬಾರದು. ಗೆರೆಯೊಂದು ಹಳೆಯದೋ ಹೊಸದೋ ಎಂದು ಹೇಳುವ ಸುಳಿವೂ ಅದರೊಂದಿಗೇ ತೊಳೆದುಹೋಗುತ್ತದೆ. ಆದ್ದರಿಂದ ಮೊದಲು ನೋಡಿ, ತೂಗಿ, ತೋರಿಸಿ, ತೊಳೆಯುವುದನ್ನು ಬಿಟ್ಟೇಬಿಡಿ.

ಹಳೆಯ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು. ಅಂಗಡಿಯಲ್ಲಿ ಕೊಳ್ಳುವಾಗಲೂ ಎಚ್ಚರ ಬೇಕು. ಮಾರುವವರು ‘ಎರರ್’ ಎಂದರೆ ಯಾವ ಹಂತದ ಎರರ್ ಎಂದು ಕೇಳಿ. ಬಿಲ್ಲೆ, ಅಚ್ಚು, ಒತ್ತು, ಈ ಮೂರರಲ್ಲಿ ಒಂದನ್ನು ಹಿಡಿದು ವಿವರಿಸಲಾರದವರಿಗೆ ಮಾಮೂಲಿ ನಾಣ್ಯದ ಬೆಲೆಗಿಂತ ಒಂದು ಪೈಸೆಯನ್ನೂ ಹೆಚ್ಚು ಕೊಡಬೇಕಿಲ್ಲ.