ಬಿಡಿಭಾಗಗಳ ಬಂದೂಕು: ಅಮೆರಿಕದ ಸೆಮಿ-ಆಟೋಮ್ಯಾಟಿಕ್ ರೈಫಲ್ ಮತ್ತು ಅದರ ಹವ್ಯಾಸಿಗಳು

ಅಮೆರಿಕದಲ್ಲಿ ಕೆಲಸ ಮಾಡುವ ನಮ್ಮವರಿಗೆ ಸೋಮವಾರ ಬೆಳಗಿನ ಒಂದು ಬಗೆಯ ಮಾತುಕತೆ ಪರಿಚಿತ. ಆಫೀಸಿನ ಕಾಫಿ ಯಂತ್ರದ ಪಕ್ಕ ಇಬ್ಬರು ಸಹೋದ್ಯೋಗಿಗಳು ನಿಂತು ಬ್ಯಾರೆಲ್ಲು, ಟ್ವಿಸ್ಟು, ಗ್ರೇನು, ಟ್ರಿಗರ್ರು ಎಂದು ಹುರುಪಿನಿಂದ ಮಾತಾಡುತ್ತಿರುತ್ತಾರೆ. ಒಂದು ಕಾಲದಲ್ಲಿ ಬೆಂಗಳೂರಿನ ಹುಡುಗರು ಆರ್‌ಎಕ್ಸ್ 100 ಬೈಕಿನ ಸೈಲೆನ್ಸರ್ ಬಗ್ಗೆ, ಮೈಸೂರಿನವರು ಯೆಜ್ಡಿ ಬಗ್ಗೆ ಮಾತಾಡುತ್ತಿದ್ದದ್ದು ಇದೇ ಧಾಟಿಯಲ್ಲಿ. ನಾವು ಒಂದು ನಗೆ ನಕ್ಕು, ಕಾಫಿ ತುಂಬಿಸಿಕೊಂಡು, ನಮ್ಮ ಜಾಗಕ್ಕೆ ಹೋಗಿಬಿಡುತ್ತೇವೆ. ಬಂದೂಕಿನ ಮಾತು ನಮ್ಮ ಮನೆಗಳಲ್ಲಿ ಬರುವುದು ಟಿ.ವಿ.ಯಲ್ಲಿ ಕೆಟ್ಟ ಸುದ್ದಿ ಬಂದ ದಿನ ಮಾತ್ರ. ಆದರೆ ಪಕ್ಕದ ಮನೆಯಲ್ಲಿ, ಮಗಳ ಗೆಳತಿಯ ಮನೆಯಲ್ಲಿ, ಬಾಸ್ ಕರೆದೊಯ್ಯುವ ಶೂಟಿಂಗ್ ರೇಂಜಿನಲ್ಲಿ ಇರುವ ಈ ವಸ್ತು ಯಾವುದು, ಅದರ ಹವ್ಯಾಸಿಗಳು ಏನನ್ನು ಹೋಲಿಸುತ್ತಾರೆ, ಏನನ್ನು ಬದಲಾಯಿಸುತ್ತಾರೆ, ಕಾನೂನು ಎಲ್ಲಿ ಗೆರೆ ಎಳೆದಿದೆ ಎಂಬುದು ತಿಳಿದಿದ್ದರೆ ಒಳ್ಳೆಯದು. ಇಷ್ಟವಿದ್ದವರಿಗೂ ಇಲ್ಲದವರಿಗೂ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಸೆಮಿ-ಆಟೋಮ್ಯಾಟಿಕ್ ಎಂದರೆ ಒಮ್ಮೆ ಕುದುರೆ ಎಳೆದರೆ ಒಂದೇ ಗುಂಡು. ಆ ಗುಂಡಿನ ಶಕ್ತಿಯ ಒಂದು ಪಾಲನ್ನೇ ಬಳಸಿಕೊಂಡು ಬಂದೂಕು ಖಾಲಿ ತೋಟೆಯನ್ನು ಹೊರಕ್ಕೆ ಎಸೆದು ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ. ಎರಡನೆಯ ಗುಂಡಿಗೆ ಬೆರಳು ಬಿಟ್ಟು ಮತ್ತೆ ಎಳೆಯಬೇಕು. ಬೆರಳು ಒತ್ತಿಟ್ಟಷ್ಟು ಹೊತ್ತೂ ಹಾರುತ್ತಲೇ ಇರುವುದು ಮೆಷಿನ್ ಗನ್. ಅದರ ಮೇಲೆ 1934ರಿಂದಲೇ ಕೇಂದ್ರ ಸರ್ಕಾರದ ನೋಂದಣಿ ಮತ್ತು ತೆರಿಗೆ ಇದೆ. 1986ರ ಮೇ ತಿಂಗಳ ನಂತರ ತಯಾರಾದ ಮೆಷಿನ್ ಗನ್ ಸಾಮಾನ್ಯ ನಾಗರಿಕನಿಗೆ ಸಿಗುವುದೇ ಇಲ್ಲ. ಅಂಗಡಿಯಲ್ಲಿ ಮಾರಾಟವಾಗುವುದು, ಹವ್ಯಾಸಿಗಳು ಚರ್ಚಿಸುವುದು ಸೆಮಿ-ಆಟೋಮ್ಯಾಟಿಕ್ ಮಾತ್ರ.

ಅಮೆರಿಕದ ಸೈನ್ಯ ಇಂಥ ರೈಫಲನ್ನು ಎಲ್ಲ ಸೈನಿಕರಿಗೂ ಕೊಡಲು ಒಪ್ಪಿದ್ದು 1936ರಲ್ಲಿ. ಅದು ಎಂ1 ಗ್ಯಾರಂಡ್. ವಿನ್ಯಾಸಕಾರ ಜಾನ್ ಗ್ಯಾರಂಡ್ ಕೆನಡಾದಲ್ಲಿ ಹುಟ್ಟಿ ಬಂದ ವಲಸಿಗ, ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ನೌಕರ. ಆ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. ಬಾಸ್ಟನ್ ಕಡೆ ಇರುವವರು ಮಕ್ಕಳೊಂದಿಗೆ ಹೋಗಿಬರಬಹುದು, ಯಂತ್ರಗಳ ಇತಿಹಾಸಕ್ಕಾಗಿಯಾದರೂ. ಗ್ಯಾರಂಡಿನಲ್ಲಿ ಎಂಟು ತೋಟೆಗಳನ್ನು ಒಂದು ತಗಡಿನ ಕ್ಲಿಪ್ಪಿನಲ್ಲಿ ಸೇರಿಸಿ ಮೇಲಿನಿಂದ ಒಳಕ್ಕೆ ಒತ್ತುತ್ತಾರೆ. ಎಂಟನೆಯದು ಹಾರಿದ ಕೂಡಲೇ ಖಾಲಿ ಕ್ಲಿಪ್ಪು ‘ಪಿಂಗ್’ ಎಂದು ಹೊರಚಿಮ್ಮುತ್ತದೆ. ಆ ಸದ್ದಿಗೇ ಅಭಿಮಾನಿಗಳಿದ್ದಾರೆ.

ಆದರೆ ಇಂದಿನ ಹವ್ಯಾಸದ ಕೇಂದ್ರ ಎಆರ್-15. ಇಲ್ಲಿ ‘ಎಆರ್’ ಎಂದರೆ ಅಸಾಲ್ಟ್ ರೈಫಲ್ ಅಲ್ಲ, ಆಟೋಮ್ಯಾಟಿಕ್ ರೈಫಲ್ಲೂ ಅಲ್ಲ. ಆರ್ಮಲೈಟ್ ಎಂಬ ಕಂಪನಿಯ ಹೆಸರು. 1954ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ವಿಮಾನ ತಯಾರಿಕಾ ಸಂಸ್ಥೆಯ ವಿಭಾಗವಾಗಿ ಅದು ಶುರುವಾಯಿತು. ಅಲ್ಲಿನ ಎಂಜಿನಿಯರ್ ಯೂಜೀನ್ ಸ್ಟೋನರ್ ಉಕ್ಕು ಮತ್ತು ಮರದ ಜಾಗದಲ್ಲಿ ವಿಮಾನಗಳಲ್ಲಿ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹವನ್ನೂ ಪ್ಲಾಸ್ಟಿಕ್ಕನ್ನೂ ತಂದರು. ಬಂದೂಕು ಹಗುರಾಯಿತು. 1959ರಲ್ಲಿ ಹಕ್ಕುಗಳು ಕೋಲ್ಟ್ ಕಂಪನಿಗೆ ಹೋದವು. ಸೈನ್ಯದಲ್ಲಿ ಅದು ಎಂ16 ಆಯಿತು. ನಾಗರಿಕರಿಗಾಗಿ ಸೆಮಿ-ಆಟೋಮ್ಯಾಟಿಕ್ ರೂಪವನ್ನು ಕೋಲ್ಟ್ 1964ರಿಂದ ಮಾರತೊಡಗಿತು. ವಿಯೆಟ್ನಾಮಿನಲ್ಲಿ ಎಂ16ಕ್ಕೆ ಆರಂಭದಲ್ಲಿ ತುಂಬ ಕೆಟ್ಟ ಹೆಸರು ಬಂತು. ತೋಟೆಯ ಮದ್ದನ್ನು ಬದಲಾಯಿಸಿದ್ದರು, ಕೋಣೆಗೆ ಕ್ರೋಮ್ ಲೇಪನ ಇರಲಿಲ್ಲ, ಸೈನಿಕರಿಗೆ ಸ್ವಚ್ಛ ಮಾಡುವ ಸಾಮಗ್ರಿಯನ್ನೇ ಸರಿಯಾಗಿ ಕೊಟ್ಟಿರಲಿಲ್ಲ. ಕಾಳಗದ ನಡುವೆ ಬಂದೂಕು ಸಿಕ್ಕಿಕೊಂಡು ಸೈನಿಕರು ಸತ್ತರು. 1967ರಲ್ಲಿ ಕಾಂಗ್ರೆಸ್ಸಿನ ಉಪಸಮಿತಿಯೊಂದು ತನಿಖೆ ನಡೆಸಿ ಸೈನ್ಯದ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡಿತು. ದೋಷಗಳನ್ನು ತಿದ್ದಿದರು, ಆದರೆ ‘ಎಆರ್ ನಂಬಲಾಗದು’ ಎಂಬ ಮಾತು ಇವತ್ತಿಗೂ ಹಳಬರ ಬಾಯಲ್ಲಿ ಉಳಿದಿದೆ.

1977ರಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಹವ್ಯಾಸದ ಕಥೆ ನಿಜವಾಗಿ ತೆರೆದುಕೊಳ್ಳುವುದು ಇಲ್ಲಿಂದ. ಯಾರು ಬೇಕಾದರೂ ಈ ವಿನ್ಯಾಸದ ಭಾಗಗಳನ್ನು ಮಾಡಬಹುದಾಯಿತು. ಸೈನ್ಯದ ಅಳತೆಗಳು ಹೇಗೂ ನಿಗದಿಯಾಗಿದ್ದವು. ಒಂದು ಕಂಪನಿಯ ನಳಿಗೆ ಇನ್ನೊಂದರ ಚೌಕಟ್ಟಿಗೆ ಹೊಂದುತ್ತದೆ. ಎಸ್.ಪಿ. ರೋಡಿನಿಂದ ಮದರ್‌ಬೋರ್ಡು ಒಂದು ಅಂಗಡಿಯಲ್ಲಿ, ರ‍್ಯಾಮ್ ಇನ್ನೊಂದರಲ್ಲಿ, ಕ್ಯಾಬಿನೆಟ್ ಮತ್ತೊಂದರಲ್ಲಿ ತಂದು ರಾತ್ರಿ ಕೂತು ಕಂಪ್ಯೂಟರ್ ಜೋಡಿಸಿದವರು ನಮ್ಮಲ್ಲಿ ಎಷ್ಟು ಜನ! ಅದೇ ಪದ್ಧತಿ. ಹವ್ಯಾಸಿಗಳೇ ಇದನ್ನು ದೊಡ್ಡವರ ಲೆಗೊ ಎಂದು ಕರೆದುಕೊಳ್ಳುತ್ತಾರೆ. ಬಂದೂಕಿನ ಮೇಲರ್ಧ ಮತ್ತು ಕೆಳಗಿನ ಅರ್ಧ ಎರಡು ಪಿನ್ನುಗಳ ಮೇಲೆ ಕೂತಿರುತ್ತವೆ. ಕಾನೂನಿನ ಕಣ್ಣಿಗೆ ‘ಬಂದೂಕು’ ಎಂದರೆ ಕ್ರಮಸಂಖ್ಯೆ ಕೊರೆದ ಕೆಳಗಿನ ಚೌಕಟ್ಟು, ಅಂದರೆ ಲೋವರ್ ರಿಸೀವರ್ ಮಾತ್ರ. ಅದನ್ನು ಪರವಾನಗಿ ಇರುವ ವ್ಯಾಪಾರಿಯಿಂದ ಕೊಳ್ಳುವಾಗ ಫಾರಂ 4473 ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಬೇಕು. ನಳಿಗೆ, ಹಿಡಿ, ದುರ್ಬೀನು ಮುಂತಾದ ಉಳಿದವು ಹೆಚ್ಚಿನ ರಾಜ್ಯಗಳಲ್ಲಿ ಪಾರ್ಸೆಲ್ಲಿನಲ್ಲಿ ಮನೆ ಬಾಗಿಲಿಗೆ ಬರುತ್ತವೆ. ಭಾಗಗಳನ್ನು ಸಿಕ್ಕಿಸುವ ಹಲ್ಲುಹಲ್ಲಾದ ಪಟ್ಟಿಗೆ ಪಿಕಾಟಿನಿ ರೈಲ್ ಎಂದು ಹೆಸರು, ನ್ಯೂಜೆರ್ಸಿಯ ಪಿಕಾಟಿನಿ ಆರ್ಸೆನಲ್‌ನಿಂದ ಬಂದದ್ದು. 1995ರಲ್ಲಿ ಅದರ ಅಳತೆ ಸೈನಿಕ ಮಾನದಂಡವಾದ ಮೇಲೆ ಟಾರ್ಚು, ದುರ್ಬೀನುಗಳ ಮಾರುಕಟ್ಟೆ ದೊಡ್ಡದಾಗಿ ಬೆಳೆಯಿತು.

ಇನ್ನು ಹೋಲಿಕೆ. ಮುಗಿಯದ ಮೊದಲ ಜಗಳ ಎಆರ್ ಮತ್ತು ಎಕೆ ನಡುವಿನದು. ಎಆರ್‌ನಲ್ಲಿ ಗುಂಡಿನ ಹಿಂದಿನ ಅನಿಲ ಸಣ್ಣ ಕೊಳವೆಯಲ್ಲಿ ಹಿಂದಕ್ಕೆ ಬಂದು ಬೋಲ್ಟಿನ ಭಾಗವನ್ನೇ ನೇರವಾಗಿ ತಳ್ಳುತ್ತದೆ: ಹಗುರ, ನಿಖರ, ಆದರೆ ಮಸಿ ಒಳಗೇ ಬೀಳುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಮಿಖಾಯಿಲ್ ಕಲಾಶ್ನಿಕೋವ್ ರೂಪಿಸಿದ ಎಕೆಯಲ್ಲಿ ಒಂದು ಪಿಸ್ಟನ್ ಆ ಕೆಲಸ ಮಾಡುತ್ತದೆ. ಭಾಗಗಳ ನಡುವೆ ಸಡಿಲ ಜಾಗ ಹೆಚ್ಚು, ಕೆಸರು ಮರಳಿಗೆ ಅಂಜುವುದಿಲ್ಲ. ಹೊಲದ ಕೆಲಸಕ್ಕೆ ರೂಗರ್ ಮಿನಿ-14 ಸಾಕು ಎನ್ನುವವರ ಪಂಗಡ ಬೇರೆ. ಕಲಿಯುವವರಿಗೆ 1964ರಿಂದ ಬರುತ್ತಿರುವ ರೂಗರ್ 10/22 ಇದೆ. ಅದರ ಸಣ್ಣ .22 ತೋಟೆ ಅಗ್ಗ, ಹಿಮ್ಮೆಟ್ಟು ಇಲ್ಲವೆನ್ನುವಷ್ಟು ಕಡಿಮೆ.

ಎಆರ್ ಒಳಗೇ ಮತ್ತೆ ಹೋಲಿಕೆ. ನಳಿಗೆಯ ಒಳಗಿನ ತಿರುವು 1:7, 1:8, 1:9 ಎಂದು ಬರೆಯುತ್ತಾರೆ, ಅಂದರೆ ಅಷ್ಟು ಇಂಚಿಗೆ ಗುಂಡು ಒಂದು ಸುತ್ತು ತಿರುಗುತ್ತದೆ. ಉದ್ದನೆಯ ಭಾರದ ಗುಂಡು ಗಾಳಿಯಲ್ಲಿ ತೊನೆಯದೆ ಸಾಗಲು ಬೇಗ ತಿರುಗಬೇಕು, ಬುಗುರಿಯ ತತ್ವವೇ. .223 ರೆಮಿಂಗ್ಟನ್ ಮತ್ತು 5.56 ನ್ಯಾಟೊ ತೋಟೆಗಳು ಕಣ್ಣಿಗೆ ಒಂದೇ ತರಹ, ಆದರೆ 5.56ರ ಕೋಣೆಯಲ್ಲಿ ಗುಂಡಿನ ಮುಂದಿನ ಜಾಗ ತುಸು ಉದ್ದ. .223 ಎಂದು ಗುರುತಿರುವ ಬಂದೂಕಿನಲ್ಲಿ 5.56 ಹಾಕಿದರೆ ಒತ್ತಡ ಮಿತಿ ಮೀರಬಹುದು. ಈ ಒಂದು ವಿಷಯದಲ್ಲಿ ಮಾತ್ರ ಹವ್ಯಾಸಿಗಳ ಚರ್ಚೆ ಬರೀ ಹರಟೆಯಲ್ಲ, ಸುರಕ್ಷತೆಯ ಪ್ರಶ್ನೆ.

ನಿಖರತೆಯನ್ನು ಅಳೆಯುವುದು ‘ಮಿನಿಟ್ ಆಫ್ ಆಂಗಲ್’ನಲ್ಲಿ, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. 100 ಗಜ ದೂರದಲ್ಲಿ ಅದು ಸುಮಾರು 1.05 ಇಂಚು. ‘ನನ್ನದು ಒಂದು ಇಂಚಿನೊಳಗೆ ಹೊಡೆಯುತ್ತದೆ’ ಎಂದು ಫೋಟೊ ತೋರಿಸದ ಹವ್ಯಾಸಿ ಅಪರೂಪ. ಫೋಟೊದಲ್ಲಿ ಸಾಮಾನ್ಯವಾಗಿ ಮೂರು ತೂತುಗಳಿರುತ್ತವೆ. ಇಲ್ಲಿ ನಮ್ಮ ಮನೆಯ ಸಂಖ್ಯಾಶಾಸ್ತ್ರಜ್ಞರು ಮುಗುಳ್ನಗಬೇಕು. ಅತಿ ದೂರದ ಎರಡು ತೂತುಗಳ ನಡುವಿನ ಅಂತರವೇ ಅಳತೆಯಾದಾಗ, ಹೊಡೆತ ಹೆಚ್ಚಿದಂತೆ ಆ ಅಂತರ ಹಿಗ್ಗುತ್ತದೆಯೇ ವಿನಾ ಕುಗ್ಗುವುದಿಲ್ಲ. ಅದೇ ಬಂದೂಕು, ಅದೇ ತೋಟೆ, ಅದೇ ಕೈ. ಮೂರರ ಬದಲು ಹತ್ತು ಹೊಡೆದರೆ ಗುಂಪು ದೊಡ್ಡದು. ಹತ್ತು ಬಾರಿ ಮೂರು ಮೂರು ಹೊಡೆದು ಅದರಲ್ಲಿ ಚಿಕ್ಕದರ ಫೋಟೊ ಮಾತ್ರ ಇಟ್ಟುಕೊಂಡರೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದ ಪತ್ರಿಕೆಯನ್ನಷ್ಟೇ ಅಪ್ಪನಿಗೆ ತೋರಿಸಿದ ಹಾಗೆ. ಅನುಭವಸ್ಥರು ಇದನ್ನು ಬಲ್ಲರು, ಹತ್ತರ ಗುಂಪನ್ನೇ ಕೇಳುತ್ತಾರೆ. ನನಗನ್ನಿಸುವಂತೆ, ಬಿಡಿಭಾಗಗಳ ಮೇಲೆ ಸುರಿಯುವ ಹಣದಲ್ಲಿ ನಿಖರತೆಗೆ ನಿಜವಾಗಿ ನೆರವಾಗುವುದು ನಳಿಗೆ, ಟ್ರಿಗರ್, ಒಳ್ಳೆಯ ತೋಟೆ. ಉಳಿದದ್ದರಲ್ಲಿ ಹೆಚ್ಚಿನದು ಅಲಂಕಾರ. ಬೈಕಿನ ವಿಷಯದಲ್ಲೂ ನಮ್ಮ ಹುಡುಗರು ಹೀಗೇ ಇದ್ದರು.

ಏನನ್ನೂ ಬದಲಾಯಿಸಬಾರದು ಎಂಬ ನಿಯಮವೇ ಆಟವಾಗಿರುವ ಜಾಗವೂ ಇದೆ. ಓಹಾಯೊ ರಾಜ್ಯದ ಈರಿ ಸರೋವರದ ದಂಡೆಯಲ್ಲಿ ಕ್ಯಾಂಪ್ ಪೆರಿ ಎಂಬ ಸ್ಥಳದಲ್ಲಿ 1907ರಿಂದ ರಾಷ್ಟ್ರೀಯ ಗುರಿಕಾರಿಕೆಯ ಪಂದ್ಯಗಳು ನಡೆಯುತ್ತಿವೆ. ಅಲ್ಲಿನ ಗ್ಯಾರಂಡ್ ಪಂದ್ಯದಲ್ಲಿ ಬಂದೂಕು ಸೈನ್ಯ ಕೊಟ್ಟ ರೂಪದಲ್ಲೇ ಇರಬೇಕು. ಸೈನ್ಯದ ಹಳೆಯ ಗ್ಯಾರಂಡ್‌ಗಳನ್ನು ನಾಗರಿಕರಿಗೆ ಮಾರುವುದೂ ಆ ಪಂದ್ಯಗಳನ್ನು ನಡೆಸುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಮ್ ಸಂಸ್ಥೆಯೇ. ಆದರೆ ಕೊಳ್ಳಲು ಅಮೆರಿಕದ ಪೌರತ್ವ ಬೇಕು, ಗ್ರೀನ್ ಕಾರ್ಡ್ ಸಾಲದು.

ಕಾನೂನಿನ ಗೆರೆ ಬಹುಪಾಲು ಇಂಚುಗಳಲ್ಲಿದೆ. ರೈಫಲ್ಲಿನ ನಳಿಗೆ 16 ಇಂಚಿಗಿಂತ ಗಿಡ್ಡವಾದರೆ ಅದು 1934ರ ಕಾಯ್ದೆಯಡಿ ಬರುತ್ತದೆ. ಆಗ ವಿಧಿಸಿದ 200 ಡಾಲರ್ ತೆರಿಗೆ ಗಿಡ್ಡ ನಳಿಗೆಯ ರೈಫಲ್ಲಿಗೂ ಸೈಲೆನ್ಸರಿಗೂ 2026ರ ಜನವರಿಯಿಂದ ಸೊನ್ನೆಯಾಗಿದೆ, ನೋಂದಣಿ ಮಾತ್ರ ಉಳಿದಿದೆ. ನೋಂದಣಿಯಿಲ್ಲದೆ ಮನೆಯಲ್ಲಿ ಗಿಡ್ಡ ನಳಿಗೆ ಜೋಡಿಸಿಕೊಂಡರೆ ಕೇಂದ್ರದ ಗಂಭೀರ ಅಪರಾಧ. ಎಸ್.ಪಿ. ರೋಡಿನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ.

1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಪಟ್ಟಣದ ಶಾಲೆಯೊಂದರ ಅಂಗಳದಲ್ಲಿ ಎಕೆ ಮಾದರಿಯ ಸೆಮಿ-ಆಟೋಮ್ಯಾಟಿಕ್‌ನಿಂದ ಒಬ್ಬ ಐದು ಮಕ್ಕಳನ್ನು ಕೊಂದ. ಸತ್ತವರು ಕಾಂಬೋಡಿಯಾ, ವಿಯೆಟ್ನಾಂಗಳಿಂದ ಬಂದ ನಿರಾಶ್ರಿತರ ಮಕ್ಕಳು. ಅದೇ ವರ್ಷ ಕ್ಯಾಲಿಫೋರ್ನಿಯಾ ಇಂಥ ರೈಫಲ್‌ಗಳನ್ನು ನಿರ್ಬಂಧಿಸಿತು. 1994ರಲ್ಲಿ ದೇಶದ ಮಟ್ಟದ ನಿಷೇಧ ಬಂತು, ಹತ್ತು ವರ್ಷಕ್ಕೆ ಮಾತ್ರ. ಅದು ಬಂದೂಕನ್ನು ಲಕ್ಷಣಗಳಿಂದ ಗುರುತಿಸಿತು: ಪಿಸ್ತೂಲಿನಂಥ ಹಿಡಿ, ಮಡಚುವ ಹಿಂಭಾಗ, ಬಯೊನೆಟ್ ಸಿಕ್ಕಿಸುವ ಕೊಂಡಿ ಇತ್ಯಾದಿಗಳಲ್ಲಿ ಎರಡು ಇದ್ದರೆ ನಿಷಿದ್ಧ. ತಯಾರಕರು ಕೊಂಡಿ ಕತ್ತರಿಸಿ, ಹಿಂಭಾಗವನ್ನು ಗಟ್ಟಿಯಾಗಿ ಕೂರಿಸಿ, ಅದೇ ಬಂದೂಕನ್ನು ಮತ್ತೆ ಮಾರಿದರು. ಬಿಡಿಭಾಗಗಳ ಬಂದೂಕನ್ನು ಬಿಡಿಭಾಗಗಳ ಪಟ್ಟಿಯಿಂದ ಕಟ್ಟಿಹಾಕಲು ಹೋದರೆ ಇನ್ನೇನಾದೀತು? 2004ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದಾಗ ಕಾಂಗ್ರೆಸ್ ಮುಂದುವರಿಸಲಿಲ್ಲ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ದೊಡ್ಡವರು, 2022ರಲ್ಲಿ ಟೆಕ್ಸಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತದ್ದು ಎಆರ್ ಮಾದರಿಯ ರೈಫಲ್‌ಗಳಿಂದ. ನಮ್ಮ ಮಕ್ಕಳು ಶಾಲೆಯಲ್ಲಿ ದೀಪ ಆರಿಸಿ ಮೂಲೆಯಲ್ಲಿ ಕೂರುವ ಅಭ್ಯಾಸ ಮಾಡುವುದು ಇದರಿಂದಾಗಿಯೇ. ಹವ್ಯಾಸಿಗಳ ಪ್ರತಿವಾದವೂ ಸುಳ್ಳಲ್ಲ: ದೇಶದಲ್ಲಿ ಇಂಥ ರೈಫಲ್‌ಗಳು ಎರಡು ಕೋಟಿಗೂ ಹೆಚ್ಚು ಎಂದು ಉದ್ಯಮದ ಸಂಸ್ಥೆ ಅಂದಾಜಿಸುತ್ತದೆ, ಕೊಲೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಕೈಬಂದೂಕು, ಬಂದೂಕಿನ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಎರಡೂ ಮಾತು ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಕೋವಿ ಕನ್ನಡ ನಾಡಿಗೆ ಅಪರಿಚಿತವೇನಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಆಗುತ್ತದೆ. ಆದರೆ ಅಲ್ಲಿ ಕೋವಿ ಒಂದು ಮನೆತನದ ಆಸ್ತಿ, ಹಿರಿಯರ ಕಣ್ಣಳತೆಯಲ್ಲಿ ಇರುವಂಥದ್ದು. ಇಲ್ಲಿ ಅದು ವೈಯಕ್ತಿಕ ಖರೀದಿ.

ಕಡೆಯದಾಗಿ ನಮ್ಮವರು ಎಡವುವ ಜಾಗ. ಎಚ್-1ಬಿ, ಎಲ್-1, ಎಫ್-1, ಬಿ-2 ಮುಂತಾದ ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನೂ ತೋಟೆಯನ್ನೂ ಹೊಂದುವುದು ಕೇಂದ್ರ ಕಾನೂನಿನಂತೆ ಅಪರಾಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವುದು ಮುಖ್ಯ ವಿನಾಯಿತಿ. ‘ಹೊಂದುವುದು’ ಎಂದರೆ ಕೊಳ್ಳುವುದು ಮಾತ್ರವಲ್ಲ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿಯುವುದೂ ಸೇರುತ್ತದೆ. ಆಫೀಸಿನ ಟೀಂ ಔಟಿಂಗಿಗೆಂದು ಹೋದ ಹೊಸ ಹುಡುಗ, ಊರಿಂದ ಬಂದಿರುವ ಮಾವನವರನ್ನು ಖುಷಿಪಡಿಸಲೆಂದು ರೇಂಜಿಗೆ ಕರೆದೊಯ್ದು ಫೋಟೊ ತೆಗೆದು ವಾಟ್ಸಾಪಿಗೆ ಹಾಕುವ ಅಳಿಯ, ಇಬ್ಬರೂ ಇದನ್ನು ಮೊದಲೇ ತಿಳಿದಿರಬೇಕು. ಗ್ರೀನ್ ಕಾರ್ಡ್ ಇರುವವರು ಕೊಳ್ಳಬಹುದು, ರಾಜ್ಯದ ನಿಯಮಗಳಿಗೆ ಒಳಪಟ್ಟು. ಆದರೆ ವೀಸಾದಲ್ಲಿರುವ ಗೆಳೆಯನಿಗಾಗಿ ತಮ್ಮ ಹೆಸರಿನಲ್ಲಿ ಕೊಂಡುಕೊಟ್ಟರೆ ಇಬ್ಬರಿಗೂ ಕುತ್ತು.

ಮಕ್ಕಳ ವಿಷಯ ಇನ್ನೂ ಸರಳ. 2020ರಿಂದ ಈ ದೇಶದಲ್ಲಿ 1ರಿಂದ 19 ವಯಸ್ಸಿನವರ ಸಾವಿಗೆ ಮೊದಲ ಕಾರಣ ಬಂದೂಕು. ಮಗು ಹೊಸ ಮನೆಗೆ ಆಟಕ್ಕೆ ಹೋಗುವ ಮೊದಲು ನಾವು ನಾಯಿ ಇದೆಯೇ, ಈಜುಕೊಳಕ್ಕೆ ಬೇಲಿ ಇದೆಯೇ, ಊಟದಲ್ಲಿ ಮಾಂಸ ಇದೆಯೇ ಎಂದೆಲ್ಲ ಕೇಳುತ್ತೇವೆ. ಅದೇ ಉಸಿರಿನಲ್ಲಿ ‘ಮನೆಯಲ್ಲಿ ಬಂದೂಕು ಇದ್ದರೆ ಬೀಗ ಹಾಕಿರುತ್ತೀರಾ, ತೋಟೆ ಬೇರೆ ಕಡೆ ಇಟ್ಟಿರುತ್ತೀರಾ’ ಎಂದೂ ಕೇಳಬಹುದು. ಇಲ್ಲಿನ ಮಕ್ಕಳ ವೈದ್ಯರೂ ಹಾಗೇ ಕೇಳಲು ಹೇಳುತ್ತಾರೆ. ಹತ್ತರ ಗುಂಪಿಗೆ ಒತ್ತಾಯಿಸುವಂಥ ಗಂಭೀರ ಹವ್ಯಾಸಿ ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಕರೆದುಕೊಂಡು ಹೋಗಿ ತನ್ನ ಉಕ್ಕಿನ ಕಪಾಟನ್ನೇ ತೋರಿಸುತ್ತಾನೆ, ಜೊತೆಗೆ ಅದರ ಬೀಗದ ತಯಾರಿಕೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರೂ ಆಶ್ಚರ್ಯವಿಲ್ಲ.