ದೂಳು ಹಿಡಿಯುವ ಹತ್ತಿಯೆಳೆ

ಬೇಸಿಗೆಯ ಛತ್ರಪತಿ ಸಂಭಾಜಿನಗರದಲ್ಲಿ ಬೆಳಿಗ್ಗೆ ಒರೆಸಿದ ಕಪಾಟಿನ ಮೇಲೆ ಸಂಜೆಗೆ ಮತ್ತೆ ದೂಳು. ಸುತ್ತಲಿನ ಮರಾಠವಾಡದ್ದು ಬಸಾಲ್ಟ್ ಬಂಡೆ ಸವೆದು ಆದ ಎರೆಮಣ್ಣು. ಅದರಲ್ಲಿ ಹೇರಳವಾಗಿರುವ ಜೇಡಿಯ ಕಣ 2 ಮೈಕ್ರಾನಿಗಿಂತ ಸಣ್ಣದು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಇಷ್ಟು ಸಣ್ಣ ಕಣಕ್ಕೆ ತೂಕ ಲೆಕ್ಕಕ್ಕಿಲ್ಲ, ಅಣುಗಳ ಸೆಳೆತವೇ ಅದನ್ನು ಗಾಜಿಗೂ ಮರಕ್ಕೂ ಅಂಟಿಸಿಡುತ್ತದೆ. ಒಣಬಟ್ಟೆಯಿಂದ ಝಾಡಿಸಿದರೆ ಗಾಳಿಗೆದ್ದು, ಗಂಟೆಗಟ್ಟಲೆ ತೇಲಿ, ಕೆಲವು ಮತ್ತೆ ಅಲ್ಲಿಯೇ ಇಳಿಯುತ್ತವೆ, ಕೆಲವು ಮನೆಯವರ ಎದೆಯೊಳಗೆ ಸೇರುತ್ತವೆ.

ಇದಕ್ಕೆ ಒಳ್ಳೆಯ ಉಪಾಯ ಅದೇ ಎರೆನೆಲದಲ್ಲಿ ಬೆಳೆಯುವ ಹತ್ತಿ. ಕಾಯಿ ಒಡೆದು ಒಣಗುವಾಗ ಹತ್ತಿಯ ಟೊಳ್ಳು ಎಳೆ ಚಪ್ಪಟೆಯಾಗಿ, ತಿರುಚಿದ ರಿಬ್ಬನ್ನಿನಂತಾಗುತ್ತದೆ. ಆ ತಿರುವುಗಳ ಸಂದಿನಲ್ಲಿ ಕಣಗಳು ಸಿಕ್ಕಿಕೊಳ್ಳುತ್ತವೆ. ಎಳೆಯ ಸೆಲ್ಯುಲೋಸಿಗೆ ನೀರೆಂದರೆ ಒಲವು: ಸಾಧಾರಣ ಹವೆಯಲ್ಲೇ ಅದು ತನ್ನ ತೂಕದ ಶೇ 8ರಷ್ಟು ತೇವ ಹೀರಿರುತ್ತದೆ. ಪಾಲಿಯೆಸ್ಟರಿನದು ಶೇ 0.4 ಮಾತ್ರ. ಹತ್ತಿಬಟ್ಟೆಯನ್ನು ತೋಯಿಸಿ, ತೊಟ್ಟಿಕ್ಕದಂತೆ ಹಿಂಡಿದರೆ ಎಳೆಗಳ ಮೇಲೆ ನೀರಿನ ತೆಳು ಪದರ ಉಳಿಯುತ್ತದೆ. ಆ ಪದರ ಕಣವನ್ನು ಹಿಡಿದೆಳೆಯುವ ಬಲ ಕಣದ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನೀರು ಮಾತ್ರ ಹೆಚ್ಚಾಗಬಾರದು. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಕಪಾಟಿನ ತುಂಬ ರಾಡಿ ಬಳಿದಂತಾಗುತ್ತದೆ.

ಹೊಸ ಬಟ್ಟೆಗಿಂತ ಹಳೆಯದೇ ಈ ಕೆಲಸಕ್ಕೆ ಮೇಲು. ಒಗೆದು ಒಗೆದು ಗಂಜಿ ಪೂರ್ತಿ ಹೋಗಿರುತ್ತದೆ, ಮೇಲೆ ಸಣ್ಣ ಜುಂಗು ಎದ್ದಿರುತ್ತದೆ. ವರ್ಷಗಟ್ಟಲೆ ಉಟ್ಟ ಹತ್ತಿಯ ನೌವಾರಿ (ಒಂಬತ್ತು ಗಜದ) ಸೀರೆ ಅಲ್ಲಿ ಮೊದಲು ಗೋಧಡಿಯಾಗುತ್ತಿತ್ತು, ನಮ್ಮಲ್ಲಿ ಕೌದಿಯಾದ ಹಾಗೆ. ಉಳಿದ ತುಂಡು ಒರೆಸುವ ಫಡಕೆ. ಈ ಕ್ರಮದಲ್ಲಿ ನನಗೆ ಕಾಣುವುದು ಬಡತನವಲ್ಲ, ವಸ್ತುವಿನ ಗುಣ ಬಲ್ಲವರ ಜಾಣತನ.

ಈಗಿನ ತೊಡಕು ಬೇರೆ. ನಾಸಿಕ್ ಜಿಲ್ಲೆಯ ಮಾಲೆಗಾಂವ್ ಪವರ್‌ಲೂಮುಗಳ ಊರು. ಅಲ್ಲಿ ಹತ್ತಿಯ ಜೊತೆ ಪಾಲಿಯೆಸ್ಟರೂ ನೇಯ್ಗೆಯಾಗುತ್ತದೆ. ಹಾಗಾಗಿ ಇಂದಿನ ಹಳೆಯ ಸೀರೆ ಹತ್ತಿಯದೇ ಆಗಿರಬೇಕೆಂದಿಲ್ಲ. ಒಂದು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಒಮ್ಮೆ ಒರೆಸಿ ಎಸೆಯುವ ಒಣ ಬಟ್ಟೆಗಳು ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನಿನವು. ಇವುಗಳಲ್ಲಿ ನೇಯ್ಗೆ ಇಲ್ಲ, ಎಳೆಗಳನ್ನು ನೀರಿನ ರಭಸದ ಧಾರೆಯಿಂದಲೋ ಶಾಖದಿಂದಲೋ ಬೆಸೆದಿರುತ್ತಾರೆ. ಉಜ್ಜಿದಾಗ ಹುಟ್ಟುವ ಸ್ಥಾಯೀ ವಿದ್ಯುತ್ತಿನಿಂದ ದೂಳನ್ನು ಸೆಳೆಯುತ್ತವೆ. ಏಪ್ರಿಲ್‌ನ ಒಣಹವೆಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ನಾಸಿಕ್‌ನ ಮಳೆಗಾಲದ ತೇವದಲ್ಲಿ ವಿದ್ಯುದಂಶ ಸೋರಿಹೋಗಿ ಹಿಡಿತ ಸಡಿಲವಾಗುತ್ತದೆ. ರೋಗಿಯ ವಾಂತಿ, ಹಸಿ ಮಾಂಸದ ರಕ್ತ ಒರೆಸಲು ಎಸೆಯುವ ಬಟ್ಟೆ ಸರಿಯೇ. ದಿನದ ದೂಳಿಗೆ ಅದು ಬೇಡ: ಒಂದು ನಿಮಿಷ ಬಳಸಿದ ಆ ಪ್ಲಾಸ್ಟಿಕ್ ಮಣ್ಣಿನಲ್ಲಿ ಕೊಳೆಯುವುದಿಲ್ಲ.

ಮೈಕ್ರೊಫೈಬರ್ ಬಟ್ಟೆ ನೂರಾರು ಸಲ ಬಳಕೆಗೆ ಬರುತ್ತದೆ, ದೂಳನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಪ್ರತಿ ಒಗೆತದಲ್ಲೂ ಪ್ಲಾಸ್ಟಿಕ್ ನೂಲಿನ ಚೂರುಗಳು ನೀರಿಗೆ ಸೇರುತ್ತವೆ. ಹತ್ತಿಯ ಫಡಕೆಯನ್ನು ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಬಟ್ಟೆ ಮೆತ್ತಗಾಗಿಸುವ ದ್ರವ ಮಾತ್ರ ಬೇಡ, ಅದರ ಜಿಡ್ಡು ಎಳೆಗೆ ಕೂತರೆ ನೀರು ಹೀರುವ ಗುಣವೇ ಕುಗ್ಗುತ್ತದೆ.