ರೋಟ್ಲೆವಿ–ರುಬಿನ್‌ಸ್ಟೈನ್ ಆಟ, 1907

ರೋಟ್ಲೆವಿ–ರುಬಿನ್‌ಸ್ಟೈನ್ ಆಟವು 1907ರಲ್ಲಿ ಪೋಲೆಂಡಿನ ಲೋಡ್ಜ್ ನಗರದ (ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು) ಪಂದ್ಯಾವಳಿಯಲ್ಲಿ ನಡೆದ ಪ್ರಸಿದ್ಧ ಚದುರಂಗದಾಟ. ಬಿಳಿಯ ಕಾಯಿಗಳನ್ನು ಜಾರ್ಜ್ ರೋಟ್ಲೆವಿ, ಕಪ್ಪು ಕಾಯಿಗಳನ್ನು ಅಕಿಬಾ ರುಬಿನ್‌ಸ್ಟೈನ್ ನಡೆಸಿದರು. ಕಪ್ಪು 25 ನಡೆಗಳಲ್ಲಿ ಗೆದ್ದಿತು. ಈ ಆಟಕ್ಕೆ ‘ರುಬಿನ್‌ಸ್ಟೈನರ ಅಮರ ಆಟ’ ಎಂಬ ಹೆಸರೂ ಇದೆ.

ಆರಂಭ

ಬಿಳಿ ರಾಣಿಯ ಪದಾತಿಯನ್ನು ಡಿ4ಕ್ಕೆ ಸರಿಸಿ ಆಟ ಆರಂಭಿಸಿತು. ಮುಂದಿನ ನಡೆಗಳಿಂದ ಅದು ಕ್ವೀನ್ಸ್ ಗ್ಯಾಂಬಿಟ್‌ನ ಟರ್ರಾಶ್ ರಕ್ಷಣೆಯಾಯಿತು. ಈ ಪದ್ಧತಿಯಲ್ಲಿ ಎರಡೂ ಕಡೆಯ ಕಾಯಿಗಳು ಕನ್ನಡಿಯ ಪ್ರತಿಬಿಂಬದಂತೆ ನಿಲ್ಲುವುದುಂಟು. ಹೀಗಿರುವಾಗ ವ್ಯರ್ಥವಾದ ಒಂದು ನಡೆಗೂ ಬೆಲೆ ತೆರಬೇಕಾಗುತ್ತದೆ. ಬಿಳಿಯ ಒಂಟೆ ಡಿ3ಕ್ಕೆ ಬಂದು, ಸಿ4ರಲ್ಲಿ ಪದಾತಿಯನ್ನು ಹೊಡೆದು, ಮತ್ತೆ ಡಿ3ಕ್ಕೆ ಮರಳಿತು: ಮೂರು ನಡೆ. ಕಪ್ಪಿನ ಒಂಟೆ ಡಿ6ನ್ನು ತಲುಪಲು ಎರಡೇ ನಡೆ ಸಾಕಾದವು. ಬಿಳಿಯ ರಾಣಿ ಡಿ2ರ ಮೂಲಕ ಇ2ಕ್ಕೆ ಹೋದರೆ, ಕಪ್ಪಿನ ರಾಣಿ ನೇರವಾಗಿ ಇ7ಕ್ಕೆ ಹೋಯಿತು. 15ನೆಯ ನಡೆಯಲ್ಲಿ ಬಿಳಿ ಕ್ಯಾಸ್ಲಿಂಗ್ ಮಾಡಿದಾಗ ಎರಡೂ ಪಕ್ಷಗಳ ಸ್ಥಿತಿ ಒಂದೇ ಆಗಿತ್ತು. ಆದರೆ ಕಪ್ಪಿನ ಒಂದು ಆನೆ ಆಗಲೇ ಡಿ8ರಲ್ಲಿತ್ತು, ನಡೆಯುವ ಸರದಿಯೂ ಕಪ್ಪಿನದೇ. ಮುಂದಿನ ದಾಳಿಯ ಬೀಜ ಇಲ್ಲಿದೆ. ರಾಣಿಯ ತ್ಯಾಗವನ್ನಷ್ಟೇ ನೋಡಿದವರಿಗೆ ಇದು ಕಾಣುವುದಿಲ್ಲ.

ರಾಣಿಯ ತ್ಯಾಗ

ರೋಟ್ಲೆವಿ ಪದಾತಿಗಳನ್ನು ಎಫ್4 ಮತ್ತು ಇ5ರವರೆಗೆ ನೂಕಿದ್ದರಿಂದ ತಮ್ಮದೇ ರಾಜನತ್ತ ಸಾಗುವ ಕರ್ಣವನ್ನು ತೆರೆದುಕೊಟ್ಟರು. ಕಪ್ಪಿನ ಒಂದು ಒಂಟೆ ಬಿ6ರಿಂದ ಶಹ ಕೊಟ್ಟು ರಾಜನನ್ನು ಎಚ್1ರ ಮೂಲೆಗೆ ಅಟ್ಟಿತು. ಬಳಿಕ ಕುದುರೆ ಜಿ4ಕ್ಕೆ, ರಾಣಿ ಎಚ್4ಕ್ಕೆ ಬಂದವು. ಬಿಳಿ ಜಿ3ಕ್ಕೆ ಪದಾತಿ ಸರಿಸಿ ರಾಣಿಯ ಮೇಲೆರಗಿತು.

ರುಬಿನ್‌ಸ್ಟೈನ್ ರಾಣಿಯನ್ನು ಕದಲಿಸಲಿಲ್ಲ. 22ನೆಯ ನಡೆಯಲ್ಲಿ ಅವರು ಸಿ3ರ ಕುದುರೆಯನ್ನು ಆನೆಯಿಂದ ಹೊಡೆದರು. ಬಿಳಿಯ ಇ4 ಒಂಟೆಗೆ ಆಸರೆಯಾಗಿದ್ದುದು ಈ ಕುದುರೆಯೇ. ಬಿಳಿ ಆ ಆನೆಯನ್ನು ಒಂಟೆಯಿಂದ ಹೊಡೆದರೆ ಕಪ್ಪಿನ ಒಂಟೆ ಇ4ರಲ್ಲಿ ಶಹ ಕೊಡುತ್ತದೆ. ರಾಣಿಯಿಂದ ಅದನ್ನು ಹೊಡೆದರೆ ಕಪ್ಪಿನ ರಾಣಿ ಎಚ್2ರಲ್ಲಿ ಚೆಕ್‌ಮೇಟ್ ಮಾಡುತ್ತದೆ. ರೋಟ್ಲೆವಿ ರಾಣಿಯನ್ನೇ ತೆಗೆದುಕೊಂಡರು. ಕೂಡಲೇ ಇನ್ನೊಂದು ಆನೆ ಡಿ2ಕ್ಕೆ ನುಗ್ಗಿತು. ಈ ಗಳಿಗೆಯಲ್ಲಿ ಕಪ್ಪಿನ ಎರಡು ಆನೆ, ಒಂದು ಒಂಟೆ, ಒಂದು ಕುದುರೆ ನಾಲ್ಕನ್ನೂ ಹೊಡೆಯಬಹುದಾಗಿತ್ತು, ಆದರೂ ಬಿಳಿಗೆ ಪಾರಾಗುವ ದಾರಿ ಇರಲಿಲ್ಲ. ಬಿಳಿಯ ರಾಣಿ ಡಿ2ರ ಆನೆಯನ್ನು ಹೊಡೆದು ಇ4ರ ಕಾವಲು ಬಿಟ್ಟಿತು. ಕಪ್ಪಿನ ಒಂಟೆ ಅಲ್ಲಿ ಶಹ ಕೊಟ್ಟಿತು. ರಾಣಿ ಜಿ2ರಲ್ಲಿ ಅಡ್ಡ ನಿಂತಾಗ ಕಪ್ಪಿನ ಆನೆ ಎಚ್3ಕ್ಕೆ ಸರಿಯಿತು. ಎಚ್2ರಲ್ಲಿನ ಮೇಟ್ ತಪ್ಪಿಸಲಾಗದೆ ರೋಟ್ಲೆವಿ ಸೋಲೊಪ್ಪಿದರು.

ನಂತರದ ಪ್ರತಿಧ್ವನಿ

2013ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಜೀ ಪಂದ್ಯಾವಳಿಯಲ್ಲಿ ಅಂದಿನ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಕಪ್ಪು ಕಾಯಿಗಳೊಂದಿಗೆ ಲೆವೊನ್ ಅರೋನಿಯನ್ ಅವರನ್ನು 23 ನಡೆಗಳಲ್ಲಿ ಸೋಲಿಸಿದರು. ಅಲ್ಲಿಯೂ ಎರಡು ಒಂಟೆಗಳು ಮೂಲೆಯ ರಾಜನತ್ತ ತಿರುಗಿದ್ದವು, ಜಿ4ರಲ್ಲಿ ಕುದುರೆ ನಿಂತಿತ್ತು. ಆ ಆಟವನ್ನು ರುಬಿನ್‌ಸ್ಟೈನರ ಈ ಆಟದೊಂದಿಗೆ ಹೋಲಿಸುವುದು ರೂಢಿಯಾಗಿದೆ.